ಕಾಯಿಲೆಯವರಿಲ್ಲದ ಜಾಗರಣೆ: ಮರೀಯಾ ಸಬೀನಾ ಮತ್ತು ವೌತ್ಲಾದ ಅಣಬೆ

1955ರ ಜೂನ್ 29. ಮೆಕ್ಸಿಕೋದ ವಹಾಕಾ ರಾಜ್ಯದ ಬೆಟ್ಟಸೀಮೆಯಲ್ಲಿ ವೌತ್ಲಾ ದೆ ಹಿಮೆನೆಸ್ ಎಂಬ ಊರು. ಮಳೆಗಾಲ. ಊರಿನ ಆಡಳಿತ ಕಚೇರಿಗೆ ಒಬ್ಬ ಅಮೆರಿಕನ್ ಬಂದರು. ಮೇಜಿನ ಹಿಂದೆ ಕೂತಿದ್ದ ಯುವ ಅಧಿಕಾರಿಯ ಕಡೆ ಬಗ್ಗಿ, ದನಿ ತಗ್ಗಿಸಿ ಒಂದು ಮಾತು ಕೇಳಿದರು. ಕೇಳಿದ್ದು ಅಣಬೆಯ ಬಗ್ಗೆ. ಅಲ್ಲಿನ ಮಸಾತೆಕ ಜನ ತಮ್ಮ ಭಾಷೆಯಲ್ಲಿ ಅದಕ್ಕೆ ಇಟ್ಟ ಹೆಸರನ್ನೇ ಕಷ್ಟಪಟ್ಟು ಉಚ್ಚರಿಸಿದರು. ಆ ಹೆಸರಿಗೆ 'ತಾನಾಗಿ ಎದ್ದು ಬರುವ ಪುಟ್ಟದ್ದು' ಎಂಬಂಥ ಅರ್ಥ. ಹೊರಗಿನವರ ಬಾಯಲ್ಲಿ ಆ ಮಾತು ಕೇಳಿ ಅಧಿಕಾರಿಗೆ ಆಶ್ಚರ್ಯವಾಯಿತು. ಅದಕ್ಕೇನಂತೆ, ಮಧ್ಯಾಹ್ನ ಮನೆಗೆ ಬನ್ನಿ ಎಂದರು.

ಆ ಅಮೆರಿಕನ್ ಗಾರ್ಡನ್ ವಾಸನ್. ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷರು. ಜೊತೆಗೆ ಫೋಟೋ ತೆಗೆಯಲು ಆಲನ್ ರಿಚರ್ಡ್‌ಸನ್ ಬಂದಿದ್ದರು. ಅಧಿಕಾರಿಯ ಹೆಸರು ಕಯೆತಾನೊ ಗಾರ್ಸಿಯಾ. ಅವರ ಮನೆಯ ಕೆಳಗಿನ ಇಳಿಜಾರಿನಲ್ಲಿ ಕಬ್ಬಿನ ಸಿಪ್ಪೆ ಕೊಳೆತು ಬಿದ್ದಿತ್ತು. ಅದರ ಮೇಲೆ ಅಣಬೆ ಎದ್ದಿದ್ದವು. ಒಂದು ರಟ್ಟಿನ ಡಬ್ಬದ ತುಂಬ ಕಿತ್ತುಕೊಂಡರು. ಆಮೇಲೆ ಇಬ್ಬರನ್ನೂ ಒಬ್ಬ ಹೆಂಗಸಿನ ಹತ್ತಿರ ಕರೆದುಕೊಂಡು ಹೋದರು. ಅವರೇ ಮರೀಯಾ ಸಬೀನಾ. ವಯಸ್ಸು ಅರವತ್ತರ ಆಸುಪಾಸು. ಮಸಾತೆಕ ಬಿಟ್ಟು ಬೇರೆ ಭಾಷೆ ಬಾರದು, ಓದು ಬರಹ ಇಲ್ಲ. ಅಣಬೆ ತಿಂದು, ರಾತ್ರಿಯೆಲ್ಲ ಹಾಡಿ, ಕಾಯಿಲೆಯವರಿಗೆ ಪರಿಹಾರ ಹುಡುಕುವ ಆಚರಣೆಯೇ ಅಲ್ಲಿನ ಜಾಗರಣೆ. ಇವತ್ತು ರಾತ್ರಿ ಅದನ್ನು ನಡೆಸಿಕೊಡುತ್ತೀರಾ ಎಂದು ಕೇಳಿದಾಗ ಅವರು ಒಪ್ಪಿದರು.

ಯಾಕೆ ಒಪ್ಪಿದರು ಅಂತ ಎಷ್ಟೋ ವರ್ಷದ ಮೇಲೆ ಅವರೇ ಹೇಳಿದ್ದಾರೆ. ಕೇಳಿಸಿದ್ದು ಊರಿನ ಅಧಿಕಾರಿ. ಇಲ್ಲ ಎನ್ನುವ ಹಾಗಿರಲಿಲ್ಲ.

ಈ ಪ್ರಕರಣವನ್ನು ಬಹಳ ಜನ ಹೇಳಿದ್ದಾರೆ. ಕಣ್ಣ ಮುಂದೆ ಹರಡಿದ ಬಣ್ಣಗಳ ಕತೆಯಾಗಿ ಹೇಳಿದ್ದಾರೆ, ಹಿಪ್ಪಿಗಳ ಕತೆಯಾಗಿ ಹೇಳಿದ್ದಾರೆ, ಔಷಧ ಕಂಡುಹಿಡಿದ ಕತೆಯಾಗಿಯೂ ಹೇಳಿದ್ದಾರೆ. ನನ್ನ ಮನಸ್ಸು ಮಾತ್ರ ಪ್ರತಿ ಸಲ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಆ ರಾತ್ರಿ ಜಾಗರಣೆ ಕೇಳಿಕೊಂಡು ಬಂದವರಿಗೆ ಏನು ಕಾಯಿಲೆ ಇತ್ತು? ಏನೂ ಇರಲಿಲ್ಲ. ಮರೀಯಾ ಸಬೀನಾ ಮಾಡುತ್ತಿದ್ದ ಕೆಲಸವೇ ಕಾಯಿಲೆಯವರಿಗಾಗಿ. ಆಮೇಲಿನ ಮೂವತ್ತು ವರ್ಷದಲ್ಲಿ ಆದದ್ದೆಲ್ಲ ಇಲ್ಲಿಂದಲೇ ಶುರುವಾಯಿತು ಎಂದು ನಾನು ನಂಬಿದ್ದೇನೆ.

ಹಸಿವಿಗೆ ತಿಂದ ಅಣಬೆ

ಮರೀಯಾ ಸಬೀನಾ ಹುಟ್ಟಿದ್ದು 1894ರಲ್ಲಿ. ಮೂರು ವರ್ಷದವರಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರು. ಅಲ್ಲೂ ಬಡತನ. ಅಜ್ಜ ಅಜ್ಜಿ ರೇಷ್ಮೆಹುಳು ಸಾಕುತ್ತಿದ್ದರು. ಮರೀಯಾ ಮತ್ತು ತಂಗಿ ಮರೀಯಾ ಆನಾ ಬೆಟ್ಟದಲ್ಲಿ ಕೋಳಿ, ಆಡು ಕಾಯುತ್ತಿದ್ದರು.

ಒಮ್ಮೆ ಮಾವನಿಗೆ ಕಾಯಿಲೆಯಾಯಿತು. ಅಜ್ಜಿ ಒಬ್ಬ ಬಲ್ಲವರನ್ನು ಕರೆಸಿದರು. ಮಸಾತೆಕ ಭಾಷೆಯಲ್ಲಿ ಇಂಥವರನ್ನು ಕರೆಯುವ ಮಾತಿಗೆ ನಮ್ಮ 'ಬಲ್ಲವರು' ಎಂಬ ಮಾತು ಸರಿಯಾಗಿ ಹೊಂದುತ್ತದೆ, ಹಾಗಾಗಿ ಅದನ್ನೇ ಬಳಸುತ್ತೇನೆ. ಬಲ್ಲವರು ಬಾಳೆಲೆಯಲ್ಲಿ ಸುತ್ತಿದ ಅಣಬೆ ತಂದರು. ಅಷ್ಟು ದೊಡ್ಡ ಅಣಬೆಗಳನ್ನು ಮಕ್ಕಳು ನಿದ್ದೆಗಣ್ಣಲ್ಲೇ ನೋಡಿದರು. ರಾತ್ರಿಯೆಲ್ಲ ಹಾಡು ಕೇಳಿದರು. ಕೆಲವು ದಿನದಲ್ಲಿ ಮಾವ ಎದ್ದು ಓಡಾಡಿದರು.

ಮುಂದೊಂದು ದಿನ ಬೆಟ್ಟದಲ್ಲಿ ಮರೀಯಾಗೆ ಅಂಥದೇ ಅಣಬೆ ಕಂಡವು. ಇಬ್ಬರಿಗೂ ಹಸಿವು. ಹಸಿಯಾಗಿಯೇ ತಿಂದರು. ತಲೆ ತಿರುಗಿತು, ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಮನಸ್ಸು ಹಗುರಾಯಿತು, ಹಸಿವು ಮರೆಯಿತು. ಆಮೇಲೆ ಹಸಿವಾದಾಗಲೆಲ್ಲ ತಿಂದರು. ಬಿದ್ದಿದ್ದ ಮಕ್ಕಳನ್ನು ಅಮ್ಮನೋ ಅಜ್ಜನೋ ಬಂದು ಎತ್ತಿಕೊಂಡು ಮನೆಗೆ ಒಯ್ಯುತ್ತಿದ್ದರು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅಣಬೆ ತಿಂದವರನ್ನು ಬೈದರೆ ಅವರ ಮನಸ್ಸು ಕೆಡುತ್ತದೆ ಎಂದು ಆ ಊರಿನವರಿಗೆ ಗೊತ್ತಿತ್ತು. ಎಷ್ಟು ತಲೆಮಾರು ಇದನ್ನು ಕಂಡು ತಿಳಿದಿರಬೇಕು, ಅಲ್ವಾ? ಈ ಸ್ಥಿತಿಯಲ್ಲಿರುವ ಮನಸ್ಸಿಗೆ ಪಕ್ಕದವರ ಒಂದು ಗಡಸು ಮಾತೂ ದೊಡ್ಡ ಪೆಟ್ಟು ಎಂಬುದನ್ನು ಈಗ ಪ್ರಯೋಗಾಲಯದವರೂ ಹೇಳುತ್ತಾರೆ.

ಹದಿನಾಲ್ಕರ ಹೊತ್ತಿಗೆ ಮದುವೆಯಾಯಿತು. ಮದುವೆಯಾಗಿದ್ದಷ್ಟು ಕಾಲ ಅವರು ಅಣಬೆ ಮುಟ್ಟಲಿಲ್ಲ. ಜಾಗರಣೆಗೆ ಹಿಂದೆ ನಾಲ್ಕು ದಿನ, ಮುಂದೆ ನಾಲ್ಕು ದಿನ ಗಂಡ ಹೆಂಡಿರ ಸಂಗ ಇರಬಾರದು ಎಂಬುದು ಅಲ್ಲಿನ ಕಟ್ಟಳೆ. ಎರಡು ಮದುವೆಯಾದರು, ಇಬ್ಬರು ಗಂಡಂದಿರೂ ಸತ್ತರು. ಹೆತ್ತ ಮಕ್ಕಳಲ್ಲಿ ಹಲವರು ಉಳಿಯಲಿಲ್ಲ.

ಅವರನ್ನು ಬಲ್ಲವರಾಗಿ ಮಾಡಿದ್ದು ತಂಗಿಯ ಕಾಯಿಲೆ. ಮರೀಯಾ ಆನಾಗೆ ಹೊಟ್ಟೆನೋವು ಬಂದು ಪ್ರಜ್ಞೆ ತಪ್ಪುತ್ತಿತ್ತು. ಊರಿನ ವೈದ್ಯಗಾರರು ಬಂದುಹೋದರು, ಗುಣ ಕಾಣಲಿಲ್ಲ. ಆಗ ಮರೀಯಾ ತಂಗಿಗೆ ಮೂರು ಜೋಡಿ ಅಣಬೆ ಕೊಟ್ಟು, ತಾವು ಮೂವತ್ತು ಜೋಡಿಯಷ್ಟು ತಿಂದರು. ತುಂಬಾ ಜಾಸ್ತಿ ಅದು. ತಂಗಿಯ ಹೊಟ್ಟೆ ನೀವುತ್ತಾ, ಬಾಯಿಗೆ ಬಂದದ್ದನ್ನು ಹಾಡುತ್ತಾ ರಾತ್ರಿ ಕಳೆದರು. ತಂಗಿ ಉಳಿದರು. ಅದೇ ರಾತ್ರಿ ತಮ್ಮೆದುರು ಹಿರಿಯರ ಒಂದು ಗುಂಪು ಮೇಜಿನ ಸುತ್ತ ಕೂತದ್ದನ್ನು ಕಂಡೆ ಎಂದು ಅವರು ಹೇಳಿದ್ದಾರೆ. ಮೇಜಿನ ಮೇಲೆ ಒಂದು ಬಿಳಿ ಪುಸ್ತಕ. ಅದು ಬೆಳೆಯುತ್ತಾ ಆಳೆತ್ತರ ಆಯಿತು. ಇದು ನಿನ್ನದು, ಕೆಲಸಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ ಎಂದು ಕೊಟ್ಟರು. ಅಕ್ಷರ ಬಾರದ ಹೆಂಗಸಿಗೆ ಆ ಪುಸ್ತಕ ಓದಲು ಬಂತು.

ಇದನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ನಾನು ಗಮನಿಸುವುದು ಇಷ್ಟು: ಆ ಪುಸ್ತಕ ಸಿಕ್ಕಿದ್ದು ಏನಾದರೂ ಕಾಣಲಿ ಎಂದು ಕೂತಾಗ ಅಲ್ಲ. ತಂಗಿ ಸಾಯುತ್ತಿದ್ದಾಗ.

ಜಾಗರಣೆ ನಡೆಯುವ ಬಗೆ

ಸ್ಪ್ಯಾನಿಷ್‌ನಲ್ಲಿ ಈ ಆಚರಣೆಗೆ 'ವೆಲಾದಾ' ಎನ್ನುತ್ತಾರೆ. ಕನ್ನಡದಲ್ಲಿ ಜಾಗರಣೆ ಎಂದರೆ ಸಾಕು. ರಾತ್ರಿಯೇ ನಡೆಯಬೇಕು, ಕತ್ತಲೆಯಲ್ಲೇ ನಡೆಯಬೇಕು. ಕಾಯಿಲೆಯವರು ಇರುತ್ತಾರೆ, ಮನೆಯವರು ಇರುತ್ತಾರೆ. ಮೂಲೆಯಲ್ಲಿ ದೇವರ ಪೀಠ. ಅದರ ಮೇಲೆ ಕ್ರೈಸ್ತ ಸಂತರ ಪಟಗಳು, ಹೂವು, ಮೇಣದಬತ್ತಿ. ಮರೀಯಾ ಸಬೀನಾ ಕ್ಯಾಥೊಲಿಕರು, ಚರ್ಚಿನ ಹೆಂಗಸರ ಸಂಘದಲ್ಲೂ ಇದ್ದರು. ಅವರಿಗೆ ಇದರಲ್ಲಿ ತೊಡಕೇ ಕಾಣಲಿಲ್ಲ. ಅಣಬೆಗಳನ್ನು ಅವರು 'ದೇವರ ಮಕ್ಕಳು' ಎಂದು ಕರೆಯುತ್ತಿದ್ದರು.

ಕೋಪಲ್ ಎಂಬ ಮರದ ಅಂಟನ್ನು ಕೆಂಡಕ್ಕೆ ಹಾಕಿ ಅಣಬೆಗಳಿಗೆ ಹೊಗೆ ತೋರಿಸುತ್ತಾರೆ. ನಮ್ಮಲ್ಲಿ ಸಾಂಬ್ರಾಣಿ ಹಾಕಿದ ಹಾಗೆ. ಆಮೇಲೆ ಜೋಡಿ ಜೋಡಿಯಾಗಿ ಹಂಚುತ್ತಾರೆ. ಕಾಯಿಲೆಯವರೂ ತಿನ್ನುತ್ತಾರೆ, ಬಲ್ಲವರೂ ತಿನ್ನುತ್ತಾರೆ. ಬಲ್ಲವರ ಪಾಲು ಜಾಸ್ತಿ. ಹುಡುಕಿಕೊಂಡು ಹೋಗಬೇಕಾದವರು ಅವರು. ಈ ಕಾಯಿಲೆ ಎಲ್ಲಿಂದ ಬಂತು, ಎಲ್ಲಿ ಹೆದರಿದ್ದು, ಉಳಿಯುತ್ತಾರೋ ಇಲ್ಲವೋ ಎಂದು ಅಣಬೆಯನ್ನು ಕೇಳುತ್ತಾರೆ. ಕಳೆದುಹೋದ ದನದ ಬಗ್ಗೆಯೂ ಕೇಳುವುದುಂಟು, ಊರು ಬಿಟ್ಟುಹೋದ ಮಗನ ಬಗ್ಗೆಯೂ ಕೇಳುವುದುಂಟು. ಪ್ರಶ್ನೆ ಇಲ್ಲದೆ ಜಾಗರಣೆ ಇಲ್ಲ.

ಅವರ ಹಾಡಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಕನ್ನಡದವರಿಗೆ ಅದು ಬೇಗ ಹತ್ತಿರವಾಗುತ್ತದೆ. ಹಾಡಿನ ಉದ್ದಕ್ಕೂ ತಾನು ಎಂಥ ಹೆಂಗಸು ಎಂದು ಒಂದರ ಮೇಲೊಂದು ಹೇಳುತ್ತಾ ಹೋಗುತ್ತಾರೆ. ಸಾಲಿನ ಕೊನೆಗೆ ಪದೇ ಪದೇ 'ತ್ಸೊ' ಎಂಬ ಪುಟ್ಟ ಮಾತು ಬರುತ್ತದೆ. 'ಹೀಗೆ ಹೇಳುತ್ತದೆ' ಎಂದು ಅದರ ಅರ್ಥ. ಹೇಳುತ್ತಿರುವುದು ಅಣಬೆ, ನಾನಲ್ಲ ಎಂದು. ಇಂಗ್ಲಿಷಿಗೆ ತರುವಾಗ ಅದು ಪ್ರತಿ ಸಾಲಿಗೂ ಅಂಟಿಸಿದ ಬಾಲದಂತೆ ಕಾಣುತ್ತದೆ. ನಮಗೆ 'ಅಂತೆ' ಇದೆ. 'ಮಳೆ ಬರುತ್ತದಂತೆ' ಎಂದರೆ ಹೇಳಿದವರು ನಾನಲ್ಲ ಎಂದು ಆ ಎರಡಕ್ಷರದಲ್ಲೇ ತಿಳಿಯುತ್ತದೆ. ಇಡೀ ರಾತ್ರಿ ಒಬ್ಬರು ತಮ್ಮ ಬಗ್ಗೆಯೇ ಹಾಡಿ, ಪ್ರತಿ ಸಾಲಿಗೂ 'ಅಂತೆ' ಸೇರಿಸಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ದೊಡ್ಡಸ್ತಿಕೆಯ ಮಾತೆಲ್ಲ ಅಲ್ಲಿಗೆ ಕರಗಿಹೋಗುತ್ತದೆ.

ಬ್ಯಾಂಕಿನವರು ಅಲ್ಲಿಗೆ ಬಂದದ್ದು

1927ರಲ್ಲಿ ವಾಸನ್ ದಂಪತಿ ನ್ಯೂಯಾರ್ಕ್ ಬಳಿಯ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ರಜೆಗೆ ಹೋಗಿದ್ದರು. ಹೆಂಡತಿ ವ್ಯಾಲೆಂಟಿನಾ ರಷ್ಯಾದಲ್ಲಿ ಹುಟ್ಟಿದವರು, ಮಕ್ಕಳ ವೈದ್ಯೆ. ಕಾಡಿನಲ್ಲಿ ಅಣಬೆ ಕಂಡ ಕೂಡಲೇ ಓಡಿಹೋಗಿ ಮಡಿಲು ತುಂಬಿಕೊಂಡರು, ಸಾರು ಮಾಡಿದರು. ವಾಸನ್ ಮುಟ್ಟಲಿಲ್ಲ. ಬೆಳಗ್ಗೆ ಏಳುವ ಹೊತ್ತಿಗೆ ಹೆಂಡತಿ ಬದುಕಿರುವುದಿಲ್ಲ ಎಂದೇ ಹೆದರಿದ್ದರು. ಅಣಬೆಯನ್ನು ಪ್ರೀತಿಸುವ ಜನ, ಅಣಬೆಗೆ ಹೆದರುವ ಜನ ಎಂದು ಲೋಕದಲ್ಲಿ ಎರಡು ಬಗೆ ಯಾಕೆ ಎಂದು ಇಬ್ಬರೂ ಹುಡುಕಲು ಶುರು ಮಾಡಿದ್ದು ಆಗ. ಕರ್ನಾಟಕದಲ್ಲೂ ಈ ಎರಡೂ ಇವೆ. ಮಲೆನಾಡು, ಕೊಡಗು, ತುಳುನಾಡಿನಲ್ಲಿ ಮೊದಲ ಗುಡುಗಿನ ಮಳೆಗೆ ಹುತ್ತದ ಬಳಿ ಅಣಬೆ ಹುಡುಕಿ ಹೋಗುತ್ತಾರೆ. ಇನ್ನು ಕೆಲವು ಕಡೆ ನಾಯಿಕೊಡೆ ಎಂದು ದೂರ ಇಡುತ್ತಾರೆ.

ದೇವರ ಅಣಬೆಯ ಸುದ್ದಿ ಹೊಸದೇನಲ್ಲ. 16ನೇ ಶತಮಾನದಲ್ಲೇ ಬರ್ನಾರ್ದಿನೊ ದೆ ಸಹಾಗುನ್ ಎಂಬ ಸ್ಪ್ಯಾನಿಷ್ ಪಾದ್ರಿ ಮೆಕ್ಸಿಕೋದ ಆಜ್ಟೆಕ್ ಜನರ 'ತೆಯೊನನಾಕತ್ಲ್' ಎಂಬ ಅಣಬೆಯ ಬಗ್ಗೆ ಬರೆದಿದ್ದರು. ಆಳಲು ಬಂದವರು ಇದನ್ನು ಸೈತಾನನ ಕೆಲಸ ಎಂದು ತುಳಿದರು. ಮಸಾತೆಕರ ಬೆಟ್ಟಗಳಲ್ಲಿ ಅದು ರಾತ್ರಿಯ ಗುಟ್ಟಾಗಿ ಉಳಿಯಿತು. 1938ರಲ್ಲಿ ಸಸ್ಯವಿಜ್ಞಾನಿ ರಿಚರ್ಡ್ ಇವಾನ್ಸ್ ಶುಲ್ಟೆಸ್ ವೌತ್ಲಾದಿಂದ ಅಣಬೆ ಮಾದರಿ ಒಯ್ದರು. ಅದೇ ವರ್ಷ ಜೀನ್ ಬ್ಯಾಸೆಟ್ ಜಾನ್ಸನ್ ಮತ್ತು ಜೊತೆಯವರು ಒಂದು ಜಾಗರಣೆಯನ್ನು ಪಕ್ಕದಲ್ಲಿ ಕೂತು ನೋಡಿದರು. ಅವರ್ಯಾರೂ ತಿಂದಿರಲಿಲ್ಲ.

ಈ ಸುಳಿವುಗಳನ್ನು ಹಿಡಿದು ವಾಸನ್ 1953ರಲ್ಲಿ ಮೊದಲ ಸಲ ವೌತ್ಲಾಗೆ ಬಂದರು. ಒಕ್ಕಣ್ಣಿನ ಬಲ್ಲವರೊಬ್ಬರು ಅವರಿಗಾಗಿ ಜಾಗರಣೆ ಮಾಡಿದರು. ಪ್ರಶ್ನೆ ಬೇಕಲ್ಲ, ವಾಸನ್ ತಮ್ಮ ಮಗನ ಸುದ್ದಿ ಕೇಳಿದರು. ಮಗ ಬಾಸ್ಟನ್ ಕಡೆ ಇದ್ದಾನೆ ಎಂದು ಅವರಿಗೆ ಗೊತ್ತಿತ್ತು. ಬಲ್ಲವರು, ಅವನು ನ್ಯೂಯಾರ್ಕಿನಲ್ಲಿದ್ದಾನೆ, ಮನಸ್ಸು ಕದಡಿದೆ ಎಂದರು. ಮನೆಗೆ ಮರಳಿದ ಮೇಲೆ ಅದು ನಿಜವಾಗಿತ್ತು ಎಂದು ವಾಸನ್ ಬರೆದಿದ್ದಾರೆ. ಅದು ಕಾಕತಾಳೀಯವೋ ಏನೋ, ನಾನು ಅದರ ಮೇಲೆ ಏನೂ ಕಟ್ಟುವುದಿಲ್ಲ. ಆದರೆ ಅವರಿಗೆ ನಿಜವಾಗಿ ಬೇಕಿದ್ದದ್ದು ಮಗನ ಸುದ್ದಿಯಲ್ಲ, ಜಾಗರಣೆ. ಪ್ರಶ್ನೆ ಅಲ್ಲಿ ಬಾಗಿಲು ತೆರೆಸುವ ನೆಪ.

1955ರ ಆ ರಾತ್ರಿ

ಕಯೆತಾನೊ ಮನೆಯ ಕೆಳಕೋಣೆಯಲ್ಲಿ ಸುಮಾರು ಇಪ್ಪತ್ತು ಜನ ಸೇರಿದರು. ಎಲ್ಲರಿಗೂ ಕುಡಿಯಲು ಚಾಕೊಲೇಟ್ ಕೊಟ್ಟರು. ರಾತ್ರಿ ಹತ್ತೂವರೆ ಸುಮಾರಿಗೆ ಮರೀಯಾ ಸಬೀನಾ ಅಣಬೆಗಳನ್ನು ಹೊಗೆಗೆ ಹಿಡಿದು ಹಂಚಿದರು. ತಮಗೆ 13 ಜೋಡಿ, ವಾಸನ್‌ಗೆ 6 ಜೋಡಿ. ಅಣಬೆಗೆ ಕಮಟು ವಾಸನೆ, ಘಾಟು ರುಚಿ. ರಿಚರ್ಡ್‌ಸನ್ ಅಂಥ ಅಣಬೆ ಬಾಯಿಗೆ ಇಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದರು. ಕೈಗೆ ಬಂದಾಗ ಅವರೂ ತಿಂದರು.

ನಡುರಾತ್ರಿಯ ಹೊತ್ತಿಗೆ ಮರೀಯಾ ಸಬೀನಾ ಪೀಠದ ಮೇಲಿನ ಒಂದು ಹೂವು ಮುರಿದು, ಉರಿಯುತ್ತಿದ್ದ ಒಂದೇ ಒಂದು ಬತ್ತಿಯನ್ನು ಆ ಹೂವಿನಿಂದ ಆರಿಸಿದರು. ಕಗ್ಗತ್ತಲೆ. ವಾಸನ್‌ಗೆ ಮೊದಲು ಜಮಖಾನದ ಮೇಲಿನ ಚಿತ್ತಾರದಂಥ ಗೆರೆಗಳು ಕಂಡವು. ಆಮೇಲೆ ರತ್ನ ಕೆತ್ತಿದ ಅರಮನೆಗಳು, ಅಂಗಳಗಳು. ಯಾವುದೋ ಪುರಾಣದ ಪ್ರಾಣಿ ಎಳೆಯುತ್ತಿದ್ದ ರಥ. ಮನೆಯ ಗೋಡೆ ಕರಗಿ ತಾನು ಬೆಟ್ಟಗಳ ಮೇಲೆ ತೇಲಿದಂತೆ. ಕಣ್ಣು ಬಿಟ್ಟರೂ ಮುಚ್ಚಿದರೂ ಅದೇ. ಕತ್ತಲೆಯಲ್ಲಿ ಆ ಹೆಂಗಸು ಹಾಡಿದರು, ಚಪ್ಪಾಳೆ ತಟ್ಟಿದರು, ಎದ್ದು ಕುಣಿದರು. ದನಿ ಒಮ್ಮೆ ಬಲಗಡೆ, ಒಮ್ಮೆ ಕಾಲ ಬಳಿ, ಒಮ್ಮೆ ದೂರದಲ್ಲಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಎಲ್ಲರಿಗೂ ನಿದ್ದೆ ಬಂತು.

ವಾಸನ್ ಕಂಡದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಅವರ ಭಕ್ತಿಯೂ ನಿಜವಾದದ್ದೇ, ಬದುಕಿನ ಕೊನೆಯವರೆಗೂ ಆ ರಾತ್ರಿಯನ್ನು ಅವರು ಮರೆಯಲಿಲ್ಲ. ಆದರೂ ನೋಡಿ, ಅವರ ಬರಹದಲ್ಲಿ ಎಲ್ಲ ಇದೆ, ಅರಮನೆ ಇದೆ, ರಥ ಇದೆ. ಮರೀಯಾ ಸಬೀನಾ ಅವರ ರಾತ್ರಿಗಳಲ್ಲಿ ನಡುವೆ ಮಲಗಿರುತ್ತಿದ್ದ ಒಬ್ಬ ನರಳುವ ಮನುಷ್ಯ ಮಾತ್ರ ಇಲ್ಲ.

ಫೋಟೋ ತೆಗೆಯಲು ಮರೀಯಾ ಸಬೀನಾ ಬಿಟ್ಟರು. ತೀರಾ ನಂಬಿಕಸ್ಥರಿಗೆ ಮಾತ್ರ ತೋರಿಸಬೇಕು ಎಂಬ ಷರತ್ತಿನ ಮೇಲೆ.

ಪತ್ರಿಕೆ, ಗುಳಿಗೆ, ಜನಸಾಗರ

1957ರ ಮೇ 13ರ 'ಲೈಫ್' ಪತ್ರಿಕೆಯಲ್ಲಿ ವಾಸನ್ ಬರಹ ಬಂತು. ಫೋಟೋಗಳ ಸಮೇತ. ಲಕ್ಷಾಂತರ ಪ್ರತಿ ಮಾರಾಟವಾಗುತ್ತಿದ್ದ ಪತ್ರಿಕೆ ಅದು. ಹೆಸರು ಮರೆಸಿದ್ದರು. ಮರೀಯಾ ಸಬೀನಾ ಅಲ್ಲಿ 'ಈವಾ ಮೆಂಡೆಸ್' ಆಗಿದ್ದರು, ಜನಾಂಗದ ಹೆಸರನ್ನೂ ಬದಲಿಸಿದ್ದರು. ಆದರೆ ಮುಖವನ್ನು ಮರೆಸಿರಲಿಲ್ಲ. 'ಮ್ಯಾಜಿಕ್ ಮಶ್ರೂಮ್' ಎಂಬ ಹೆಸರು ಇಟ್ಟದ್ದು ಆ ಪತ್ರಿಕೆಯ ಸಂಪಾದಕರು. ಇವತ್ತಿಗೂ ಅದೇ ಹೆಸರು ನಡೆಯುತ್ತಿದೆ. ದೇವರ ಮಕ್ಕಳು ಜಾದೂ ಅಣಬೆಯಾದರು.

ಇದರ ನಡುವೆ 1956ರಲ್ಲಿ ವಾಸನ್ ತಂಡದೊಂದಿಗೆ ಜೇಮ್ಸ್ ಮೂರ್ ಎಂಬ ರಸಾಯನಶಾಸ್ತ್ರಜ್ಞ ಬಂದಿದ್ದರು. ಪ್ರವಾಸಕ್ಕೆ 2000 ಡಾಲರ್ ಸಹಾಯವೂ ಸಿಕ್ಕಿತ್ತು. ಅದರ ಹಿಂದಿದ್ದದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ. ಮನುಷ್ಯರ ಮನಸ್ಸನ್ನು ಹಿಡಿತಕ್ಕೆ ತರುವ ಮದ್ದು ಹುಡುಕುವ 'ಎಂಕೆ ಅಲ್ಟ್ರಾ' ಯೋಜನೆಯ ಭಾಗ ಅದು. ವಾಸನ್‌ಗೆ ಆಗ ಗೊತ್ತಿರಲಿಲ್ಲ. ಒಬ್ಬರು ದೇವರನ್ನು ಹುಡುಕಿ ಬಂದರು, ಇನ್ನೊಬ್ಬರು ಆಯುಧ ಹುಡುಕಿ ಬಂದರು. ಆತಿಥ್ಯ ಕೊಟ್ಟ ಊರಿಗೆ ಎರಡೂ ತಿಳಿಯಲಿಲ್ಲ.

ಫ್ರಾನ್ಸಿನ ಅಣಬೆ ವಿಜ್ಞಾನಿ ರೋಜೆ ಹೈಮ್ ಈ ಅಣಬೆಗಳನ್ನು ಗುರುತಿಸಿ, ಪ್ಯಾರಿಸ್ಸಿನಲ್ಲಿ ಬೆಳೆಸಿದರು. ಒಣಗಿಸಿದ ಅಣಬೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ ಕೈಗೆ ಬಂದವು. ಹಾಫ್‌ಮನ್ ಮೊದಲು 32 ಒಣ ಅಣಬೆಗಳನ್ನು ತಾವೇ ತಿಂದು ನೋಡಿದರು. 1958ರಲ್ಲಿ ಅದರೊಳಗಿನ ಎರಡು ರಾಸಾಯನಿಕಗಳನ್ನು ಬೇರ್ಪಡಿಸಿದರು: ಸೈಲೋಸೈಬಿನ್, ಸೈಲೋಸಿನ್. ದೇಹದೊಳಗೆ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ. ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಕೂರುವ ಜಾಗಗಳಲ್ಲಿ ಹೋಗಿ ಕೂರುತ್ತದೆ. ಅರ್ಧ ಗಂಟೆಯ ಸುಮಾರಿಗೆ ಪರಿಣಾಮ ಶುರು, ನಾಲ್ಕರಿಂದ ಆರು ಗಂಟೆ ಅದರದೇ ಕಾರುಬಾರು.

60ರ ದಶಕದಲ್ಲಿ ಜನ ಬರತೊಡಗಿದರು. ಅಮೆರಿಕದಿಂದ, ಯುರೋಪಿನಿಂದ, ಮೆಕ್ಸಿಕೋ ನಗರದಿಂದ. ಮರೀಯಾ ಸಬೀನಾ ಎಲ್ಲಿ ಎಂದು ಕೇಳಿಕೊಂಡು ಬಂದರು. ಹಗಲಲ್ಲೇ ಅಣಬೆ ತಿಂದರು, ಬೀದಿಯಲ್ಲಿ ತಿಂದರು, ಬೇರೆ ಅಮಲಿನ ಜೊತೆ ಬೆರೆಸಿ ತಿಂದರು. ಕಾಯಿಲೆ ಇಲ್ಲ, ಪಥ್ಯ ಇಲ್ಲ, ಕೇಳಲು ಪ್ರಶ್ನೆಯೂ ಇಲ್ಲ. ಸುಮ್ನೆ ಏನಾಗುತ್ತದೆ ನೋಡೋಣ ಎಂದು. ಬಂದವರಿಗೆಲ್ಲ ಮರೀಯಾ ಸಬೀನಾ ಊಟ, ಜಾಗ ಕೊಟ್ಟರು. ಕೆಲವರು ದುಡ್ಡು ಕೊಟ್ಟರು, ಕೆಲವರು ಹಾಗೇ ಹೋದರು. 1969ರಿಂದ ಕೆಲವು ವರ್ಷ ಮೆಕ್ಸಿಕೋ ಸೇನೆ ವೌತ್ಲಾ ರಸ್ತೆಯನ್ನು ಹೊರಗಿನವರಿಗೆ ಮುಚ್ಚಿತು.

ಪೆಟ್ಟು ಬಿದ್ದದ್ದು ಆ ಮನೆಗೆ. ಪೊಲೀಸರು ಹುಡುಕಿ ಬಂದರು. ಮಾದಕ ವಸ್ತು ಮಾರುತ್ತಾರೆ ಎಂದು ಅವರನ್ನು ಹಿಡಿದರು, ಸ್ವಲ್ಪ ಕಾಲ ಕೂಡಿ ಹಾಕಿದರು. ಹುಲ್ಲಿನ ಮನೆಗೆ ಯಾರೋ ಬೆಂಕಿ ಇಟ್ಟರು. ಮನೆಯಲ್ಲೇ ನಡೆಸುತ್ತಿದ್ದ ಪುಟ್ಟ ಅಂಗಡಿಯೂ ಸುಟ್ಟುಹೋಯಿತು. ಮಗನ ಕೊಲೆಯಾಯಿತು. ಎಲ್ಲಕ್ಕೂ ವಾಸನ್ ಕಾರಣ ಎಂದು ಹೇಳಲಾಗದು. ಆ ಸೀಮೆಯಲ್ಲಿ ಕುಡಿತ, ಹಗೆ, ಬಡತನ ಮೊದಲೇ ಇದ್ದವು. ಆದರೆ ಊರಿನ ಗುಟ್ಟನ್ನು ಹೊರಗಿನವರಿಗೆ ಕೊಟ್ಟವಳು ಎಂಬ ಮಾತು ಅವರ ಬೆನ್ನಿಗೆ ಬಿದ್ದದ್ದು ನಿಜ.

ಆಲ್ವಾರೊ ಎಸ್ತ್ರಾದಾ ಎಂಬ ಮಸಾತೆಕರು ಅವರ ಬದುಕನ್ನು ಅವರ ಭಾಷೆಯಲ್ಲೇ ಕೇಳಿ ದಾಖಲಿಸಿ 1977ರಲ್ಲಿ ಪ್ರಕಟಿಸಿದರು. ನನಗೆ ಗೊತ್ತಿರುವ ಅವರ ಮನೆಯ ವಿವರಗಳೆಲ್ಲ ಆ ದಾಖಲೆಯಿಂದ ಬಂದವು. ಅದರಲ್ಲಿ ಮರೀಯಾ ಸಬೀನಾ ಹೇಳುವುದು ನೇರವಾಗಿದೆ. ವಾಸನ್ ಬರುವ ಮೊದಲು ದೇವರನ್ನು ಕಾಣಲೆಂದು ಯಾರೂ ಅಣಬೆ ತಿನ್ನುತ್ತಿರಲಿಲ್ಲ, ಕಾಯಿಲೆ ವಾಸಿಯಾಗಲಿ ಎಂದು ತಿನ್ನುತ್ತಿದ್ದರು. ಹೊರಗಿನವರು ಬಂದ ಮೇಲೆ ದೇವರ ಮಕ್ಕಳ ಶಕ್ತಿ ಹೋಯಿತು. ಇನ್ನು ಅವು ಕೆಲಸ ಮಾಡುವುದಿಲ್ಲ. ವಾಸನ್ ಕೂಡ ಕಡೆಗಾಲದಲ್ಲಿ ತಮ್ಮಿಂದ ಆದ ಹಾನಿಯ ಬಗ್ಗೆ ನೊಂದು ಬರೆದರು. ಅಧಿಕಾರಿ ಕೇಳಿದ್ದರಿಂದ ಆಕೆ ಬೇರೆ ದಾರಿಯಿಲ್ಲದೆ ಒಪ್ಪಿದ್ದರು ಎಂಬುದು ಅವರಿಗೆ ತಿಳಿದದ್ದೂ ಆ ದಾಖಲೆಯಿಂದಲೇ.

ಗುಂಡು ತೆಗೆದ ವೈದ್ಯ

ಮರೀಯಾ ಸಬೀನಾ ಬಗ್ಗೆ ಮಾತಾಡುವವರು ಬಹಳ ಸಲ ಬಿಟ್ಟುಬಿಡುವ ಒಂದು ಘಟನೆ ಇದೆ. ಅಂಗಡಿಯಲ್ಲಿ ಒಬ್ಬ ಕುಡುಕ ಸಾರಾಯಿಗಾಗಿ ಜಗಳ ತೆಗೆದ. ಇವರು ಕೊಡಲಿಲ್ಲ. ಅವನು ಗುಂಡು ಹಾರಿಸಿದ. ಸೊಂಟದ ಬಳಿ ಗುಂಡು ಹೊಕ್ಕವು. ಊರಿನ ಯುವ ವೈದ್ಯರು ಸೂಜಿಮದ್ದು ಕೊಟ್ಟು ನೋವು ಕಾಣದಂತೆ ಮಾಡಿ, ಗುಂಡು ಹೊರತೆಗೆದರು. ಮರೀಯಾ ಸಬೀನಾ ಬೆರಗಾದರು. ಇವರೂ ಬಲ್ಲವರೇ ಎಂದುಕೊಂಡರು. ಇಬ್ಬರೂ ಸ್ನೇಹಿತರಾದರು. ಮುಂದೆ ಆ ವೈದ್ಯರನ್ನು ಒಂದು ಜಾಗರಣೆಗೂ ಕೂರಿಸಿದರು.

ನನಗೆ ಈ ಘಟನೆ ತುಂಬಾ ಇಷ್ಟ. ನಾಟಿವೈದ್ಯ ದೊಡ್ಡದೋ ಆಸ್ಪತ್ರೆ ದೊಡ್ಡದೋ ಎಂಬ ನಮ್ಮ ಜಗಳ ಅವರಿಗೆ ಇರಲಿಲ್ಲ. ಗುಂಡು ಹೊಕ್ಕರೆ ಗುಂಡು ತೆಗೆಯಬೇಕು. ಅದನ್ನು ಯಾರು ಬಲ್ಲರೋ ಅವರೇ ಬಲ್ಲವರು. ಅಣಬೆಯಿಂದ ಎಲ್ಲ ವಾಸಿಯಾಗುತ್ತದೆ ಎಂದು ಈಗ ಮಾರುಕಟ್ಟೆಯಲ್ಲಿ ಕೂಗುವವರು ಈ ಹೆಂಗಸಿನ ಪಟ ಇಟ್ಟುಕೊಂಡಿರುತ್ತಾರೆ. ಅವರು ಈ ಭಾಗವನ್ನೂ ಓದಬೇಕು.

ಕಾನೂನಿನಲ್ಲಿ ಅಣಬೆ

1971ರ ವಿಶ್ವಸಂಸ್ಥೆಯ ಒಪ್ಪಂದ ಸೈಲೋಸೈಬಿನ್ ಅನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಆದರೆ ಅದರಲ್ಲೇ ಒಂದು ಕಿಂಡಿ ಇದೆ. ತಾನಾಗಿ ಬೆಳೆಯುವ ಇಂಥವನ್ನು ಸಣ್ಣ ಸಮುದಾಯಗಳು ತಮ್ಮ ಆಚರಣೆಯಲ್ಲಿ ಹಿಂದಿನಿಂದ ಬಳಸುತ್ತಿದ್ದರೆ ಆ ದೇಶ ವಿನಾಯಿತಿ ಇಟ್ಟುಕೊಳ್ಳಬಹುದು. ಮೆಕ್ಸಿಕೋ ಇಟ್ಟುಕೊಂಡಿತು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಸೈಲೋಸೈಬಿನ್, ಸೈಲೋಸಿನ್ ಎರಡೂ ಇವೆ.

ಇಲ್ಲಿ ನಮ್ಮವರ ಬಗ್ಗೆ ಒಂದು ಮಾತು. ಬೆಂಗಳೂರಿನಿಂದ ಕೊಡೈಕೆನಾಲ್ ಕಡೆಗೆ ಅಣಬೆ ಹುಡುಕಿಕೊಂಡೇ ಹೋಗುವ ಹುಡುಗರು ಇದ್ದಾರೆ. ಜೈಲಿನ ಭಯವನ್ನು ಪಕ್ಕಕ್ಕಿಡೋಣ. ಕಾಡಿನಲ್ಲಿ ಒಂದೇ ಥರ ಕಾಣುವ ಅಣಬೆಗಳಲ್ಲಿ ಯಕೃತ್ತನ್ನೇ ಕೊಲ್ಲುವಂಥವು ಇವೆ. ಮನೆತನದಲ್ಲಿ ಚಿತ್ತಭ್ರಮೆಯಂಥ ಕಾಯಿಲೆ ಇದ್ದವರಿಗೆ ಈ ಅಣಬೆ ದೊಡ್ಡ ಅಪಾಯ. ವೌತ್ಲಾದ ಮಗು ಬಿದ್ದರೆ ಎತ್ತಿಕೊಂಡು ಹೋಗಲು ಬೈಯದ ಅಜ್ಜ ಇದ್ದ. ಹೋಂಸ್ಟೇ ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ತಿಂದು ಒಬ್ಬನಿಗೆ ಜೀವಭಯ ಹತ್ತಿದರೆ ಉಳಿದ ಮೂವರೂ ಅದೇ ಸ್ಥಿತಿಯಲ್ಲಿರುತ್ತಾರೆ.

ಮತ್ತೆ ಬಂದ ಕಾಯಿಲೆಯವರು

ಹಲವು ದಶಕ ನಿಂತಿದ್ದ ಸಂಶೋಧನೆ ಮತ್ತೆ ನಡೆದಿದೆ. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ತಂಡ 36 ಆರೋಗ್ಯವಂತರಿಗೆ ಸೈಲೋಸೈಬಿನ್ ಕೊಟ್ಟು ನೋಡಿತು. ಮೂರರಲ್ಲಿ ಎರಡು ಪಾಲಿನಷ್ಟು ಜನ, ಬದುಕಿನ ಅತಿ ಮುಖ್ಯ ಐದು ಅನುಭವಗಳಲ್ಲಿ ಇದೂ ಒಂದು ಎಂದರು. ಅದೇ ಜನರಲ್ಲಿ ಮೂರನೇ ಒಂದರ ಆಸುಪಾಸು ಮಂದಿಗೆ ನಡುವೆ ಗಾಢ ಭಯ ಕಾಡಿತ್ತು. ಈ ಎರಡನೆಯ ಅಂಕಿಯನ್ನು ಜನ ಹೇಳುವುದು ಕಡಿಮೆ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬೇರೆ ಮದ್ದಿಗೆ ಬಗ್ಗದ ಖಿನ್ನತೆ ಇದ್ದ 233 ಜನ ಇದ್ದರು. 25 ಮಿಲಿಗ್ರಾಂ ಪಡೆದವರ ಖಿನ್ನತೆ ಮೂರು ವಾರದಲ್ಲಿ, 1 ಮಿಲಿಗ್ರಾಂ ಪಡೆದವರಿಗಿಂತ ಹೆಚ್ಚು ತಗ್ಗಿತ್ತು. ತಲೆನೋವು, ವಾಕರಿಕೆ ಇದ್ದವು. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಕಂಡಿತು. ಇನ್ನೂ ದಾರಿ ಇದೆ.

ಈ ಪ್ರಯೋಗಗಳ ಕೋಣೆ ಹೇಗಿರುತ್ತದೆ ಎಂದು ಓದಿದಾಗ ನನಗೆ ವೌತ್ಲಾ ನೆನಪಾಗುತ್ತದೆ. ಕಾಯಿಲೆಯವರು ಹಾಸಿಗೆಯ ಮೇಲೆ. ಕಣ್ಣಿಗೆ ಪಟ್ಟಿ, ಅಂದರೆ ಕತ್ತಲೆ. ಕಿವಿಗೆ ಹಾಡು. ಪಕ್ಕದಲ್ಲಿ ರಾತ್ರಿ ಕಾಯುವವರ ಹಾಗೆ ಇಬ್ಬರು. ಮುಂಚೆ ದಿನಗಟ್ಟಲೆ ಮಾತುಕತೆ, ಆಮೇಲೂ ಮಾತುಕತೆ. ಒಂದು ದೊಡ್ಡ ವ್ಯತ್ಯಾಸ, ಇಲ್ಲಿ ಪಕ್ಕ ಕೂತವರು ತಿನ್ನುವುದಿಲ್ಲ. ಹುಡುಕಿಕೊಂಡು ಹೋಗುವ ಕೆಲಸ ಕಾಯಿಲೆಯವರದೇ. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ. ಆದರೆ ಅಷ್ಟು ವರ್ಷ ಕಾಣೆಯಾಗಿದ್ದ ಕಾಯಿಲೆಯವರು ಮತ್ತೆ ನಡುವೆ ಬಂದು ಮಲಗಿದ್ದಾರೆ. ಅದು ನನಗೆ ಸಮಾಧಾನ. ಮಸಾತೆಕರಿಗೆ ಇದರಿಂದ ಏನು ಸಲ್ಲಬೇಕು ಎಂಬ ಮಾತು ಮಾತ್ರ ಹಾಗೇ ಉಳಿದಿದೆ. ಗುಟ್ಟು ಅವರದು, ಗುಳಿಗೆ ಇನ್ನೊಬ್ಬರದು.

ಮರೀಯಾ ಸಬೀನಾ 1985ರ ನವೆಂಬರ್ 22ರಂದು ವಹಾಕಾ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 91. ಹೆಸರು ಲೋಕವೆಲ್ಲ ಹಬ್ಬಿತ್ತು, ಬಡತನ ಹಾಗೇ ಇತ್ತು.

ಅವರ ಬಗ್ಗೆ ಯೋಚಿಸಿದಾಗ ನನಗೆ ಮೊದಲು ನೆನಪಾಗುವುದು 1962ರ ಒಂದು ರಾತ್ರಿ. ಅಕ್ಟೋಬರ್ ತಿಂಗಳು, ಅಣಬೆಯ ಕಾಲ ಮುಗಿದಿತ್ತು. ಹಾಫ್‌ಮನ್ ಮತ್ತು ಅವರ ಹೆಂಡತಿ ಅನಿಟಾ, ವಾಸನ್ ಜೊತೆ ವೌತ್ಲಾಗೆ ಬಂದಿದ್ದರು. ಕಾರ್ಖಾನೆಯಲ್ಲಿ ಮಾಡಿದ ಸೈಲೋಸೈಬಿನ್ ಗುಳಿಗೆಗಳನ್ನು ತಂದಿದ್ದರು. ನಿಮ್ಮ ಅಣಬೆಯ ಶಕ್ತಿ ಈ ಗುಳಿಗೆಯೊಳಗಿದೆ ಎಂದು ದುಭಾಷಿಯ ಮೂಲಕ ಹೇಳಿ ಕೊಟ್ಟರು. ಮರೀಯಾ ಸಬೀನಾ ನುಂಗಿ ಕಾದರು. ಅರ್ಧ ಗಂಟೆ ಕಳೆದರೂ ಏನೂ ಆಗಲಿಲ್ಲ. ಇದರಲ್ಲಿ ಜೀವ ಇಲ್ಲ ಎಂಬ ಗೊಣಗಾಟ ಶುರುವಾಯಿತು. ಅಣಬೆಯನ್ನು ಬಾಯಲ್ಲಿ ಅಗಿದು ತಿನ್ನುತ್ತಾರೆ, ಗುಳಿಗೆ ಹೊಟ್ಟೆಯಲ್ಲಿ ಕರಗಬೇಕು. ಇನ್ನಷ್ಟು ಕೊಟ್ಟರು. ಸ್ವಲ್ಪ ಹೊತ್ತಿಗೆ ಹಾಡು ಎದ್ದಿತು, ಬೆಳಗಿನವರೆಗೆ ನಿಲ್ಲಲಿಲ್ಲ.

ಹೊರಡುವಾಗ ಹಾಫ್‌ಮನ್ ಒಂದು ಶೀಶೆ ತುಂಬ ಗುಳಿಗೆ ಅವರ ಕೈಗೆ ಕೊಟ್ಟರು. ಅಣಬೆಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂದರು ಮರೀಯಾ ಸಬೀನಾ. ಅವರ ಮುಖ ಅರಳಿತ್ತು. ಮಳೆ ನಿಂತು ಅಣಬೆ ಏಳದ ತಿಂಗಳುಗಳಲ್ಲೂ ಇನ್ನು ಮನೆ ಬಾಗಿಲಿಗೆ ಬಂದ ಕಾಯಿಲೆಯವರನ್ನು ನೋಡಬಹುದಲ್ಲ ಎಂದು ದುಭಾಷಿಗೆ ಹೇಳಿದರು.